ಅವನು ಬಂದಳು

ವಿನಿಪೆಗ್, ಸೆಲ್ಕರ್ಕ್ ಬೀದಿಯ ಲಾಂಡ್ರಿ. ಭಾನುವಾರ.
ಕೊಕುಮ್ ಕಾಸು ಎಣಿಸುತ್ತಾಳೆ, ನನ್ನ ಅಜ್ಜಿ.
ಒಂದೇ ಮಷೀನಿಗೆ ಸಾಲುತ್ತದೆ.
ಹಾಗಾಗಿ ಆಂಬ್ರೋಸ್ ಮಾಮನ ಜೀನ್ಸು, ವರ್ನಾ ಚಿಕ್ಕಮ್ಮನ ಲಂಗ,
ನನ್ನವು ಅಂತ ಇರುವ ಎರಡು ಅಂಗಿ
ಎಲ್ಲ ಒಂದೇ ನೀರಿಗೆ ಬಿದ್ದು
ಎಲ್ಲ ಒಂದೇ ಮಾಸಲು ನೀಲಿಯಾಗಿ ಹೊರಬರುತ್ತವೆ.

ಹೊರಗೆ ಮೈನಸ್ ಮೂವತ್ತೊಂದು.
ಗಾಜಿನ ಮೇಲೆ ಒಳಗಿನವರ ಉಸಿರು ಹೆಪ್ಪುಗಟ್ಟಿದೆ.

ಬಟ್ಟೆ ಮಡಿಸುವಾಗ ಪಾಠ.
ಕಾಲುಚೀಲಕ್ಕೆ ಜೀವವಿದೆ, ಅನ್ನುತ್ತಾಳೆ. ಪ್ಯಾಂಟಿಗೂ ಇದೆ.
ಅಂಗಿಗೆ ಇಲ್ಲ.
ಯಾಕೆ?
ನಮ್ಮ ಮಾತು ಹಾಗೆ ಹೇಳುತ್ತೆ, ನಾನೇನು ಮಾಡಲಿ.
ಕಲ್ಲಿಗೆ ಇದೆ. ಕೆಟಲಿಗೆ ಇದೆ. ಕೈಗವಸಿಗಂತೂ ಇದ್ದೇ ಇದೆ,
ಅದಕ್ಕೇ ಅಲ್ಲವೇ ಪ್ರತಿ ಚಳಿಗಾಲ
ಜೋಡಿಯಲ್ಲಿ ಒಂದು ಓಡಿಹೋಗುವುದು.
ಗಂಡೋ ಹೆಣ್ಣೋ? ಕೇಳುತ್ತೇನೆ.
ಜೊತೆ ಸಿಗದ ಕಾಲುಚೀಲವೊಂದನ್ನು ನನ್ನ ಕಿವಿಗೆ ಹಿಡಿದು
ನೀನೇ ಕೇಳು, ಅನ್ನುತ್ತಾಳೆ.

ಕ್ರೀ ಮಾತಿನಲ್ಲಿ ಅವನಿಗೂ ಅವಳಿಗೂ ಒಂದೇ ಪದ. ವಿಯ.
ಅದೊಂದನ್ನೇ ಕಂಕುಳಲ್ಲಿಟ್ಟು ಇಂಗ್ಲಿಷಿಗೆ ಬಂದವಳು ಅವಳು,
ಆರನೇ ವಯಸ್ಸಿಗೆ, ಸಿಸ್ಟರುಗಳ ವಸತಿಶಾಲೆಗೆ.
ತಪ್ಪಿದಾಗೆಲ್ಲ ಬೆರಳ ಗೆಣ್ಣಿನ ಮೇಲೆ ಅಳತೆಪಟ್ಟಿ.
ಎಪ್ಪತ್ತು ದಾಟಿದರೂ ಸರಿಹೋಗಿಲ್ಲ.
ಎಡ್ಮಂಟನ್‌ನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳುತ್ತಾಳೆ:
ಆಂಬ್ರೋಸ್ ಕುಡಿತ ಬಿಟ್ಟಳು.
ವರ್ನಾ ಬಸುರಿ ಕಣೆ, ಪಾಪ, ಅವನಿಗೆ ವಾಂತಿಯೋ ವಾಂತಿ.
ಅವನು ಬಂದಳು. ಅವಳು ಹೋದನು.
ಚಿಕ್ಕಮ್ಮ ತಿದ್ದುತ್ತಾಳೆ. ಮಾಮ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ.
ನಾನು ಸೋಫಾದ ಹಿಂದೆ ಕೂತು
ಆ ತಪ್ಪಿನೊಳಗೆ ಮೆಲ್ಲಗೆ ಕಾಲು ಚಾಚುತ್ತೇನೆ.
ನನ್ನ ಅಳತೆಗೇ ಹೊಲಿದಂತಿದೆ.

ಶಾಲೆಯಲ್ಲಿ ಈಜಿಗೆ ಹೊರಟಾಗ ಮಿಸೆಸ್ ಪಾವ್ಲುಕ್
ಎರಡು ಸಾಲು ಮಾಡಿಸುತ್ತಾರೆ.
ನನಗೆ ಬಾಯಾರುತ್ತದೆ.
ಎಷ್ಟು ಸಲ ಬಾಯಾರಿತೆಂದರೆ
ಸಕ್ಕರೆ ಕಾಯಿಲೆ ಇರಬಹುದು, ನಿಮ್ಮ ಜನರಲ್ಲಿ ಜಾಸ್ತಿಯಲ್ಲವೇ,
ಎಂದು ಮನೆಗೆ ಚೀಟಿ ಬಂತು.
ಕೊಕುಮ್ ಎರಡು ಸಲ ಓದಿದಳು.
ನಾಲ್ಕು ಮಡಿಕೆ ಮಾಡಿ
ಕುಂಟುವ ಮೇಜಿನ ಕಾಲಡಿ ಇಟ್ಟಳು.

ಶುಕ್ರವಾರ ಸಂಜೆ ನಮ್ಮವರದೇ ಹಾಲ್, ನಮ್ಮವರದೇ ಡೋಲು.
ಕುಣಿತಕ್ಕೆ ಬಟ್ಟೆ ಕೊಡುತ್ತಿದ್ದರು:
ಗೆಜ್ಜೆಯಂತೆ ಕಿಣಿಕಿಣಿಸುವ ಲಂಗ ಈ ಕಡೆ,
ಹುಲ್ಲಿನಂತೆ ತೂಗುವ ಎಳೆಗಳದ್ದು ಆ ಕಡೆ.
ಇಲ್ಲೂ ಎರಡು ಸಾಲು.
ನನ್ನ ಕೈ ಮೊದಲು ಇದನ್ನು ಮುಟ್ಟಿತು, ಆಮೇಲೆ ಅದನ್ನು.
ಬಟ್ಟೆ ಹಂಚುತ್ತಿದ್ದ ಹಿರಿಯ ತಲೆಯಾಡಿಸಿದ:
ಸಂಪ್ರದಾಯ, ಮಗು.
ಡೋಲು ಬಾರಿಸುವವರು ಒಂದು ಪೆಟ್ಟು ತಪ್ಪಲಿಲ್ಲ.

ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ.
ಕೊನೆಗೆ, ಸೇತುವೆಯ ಮೇಲೆ, ಕೆಳಗೆ ನದಿ ಕಲ್ಲಾಗಿದ್ದಲ್ಲಿ:
ಅವಳಿಗೆ ಸಂಪ್ರದಾಯ ಕಲಿಸಿದ್ದೂ
ಅದೇ ಅಳತೆಪಟ್ಟಿ. ನಾನು ಅವಳ ಹಿಂದಿನ ಬೆಂಚಿನಲ್ಲಿದ್ದೆ.
(ಅವಳು ಎಂದರೆ ಆ ಹಿರಿಯ.)
ಆಮೇಲೆ ನನ್ನ ಟೋಪಿ ಕಿವಿಯವರೆಗೆ ಎಳೆದು
ಸಿಹ್ಕೋಸ್, ಎಂದಳು. ಆ ಹೆಸರು ಅಂದಿನಿಂದ.
ಮುಂಗುಸಿಗೆ ದೂರದ ನೆಂಟ, ಬೆರಳುದ್ದದ ಕಳ್ಳ,
ಹಿಮ ಬಿದ್ದರೆ ಬಿಳಿ, ಕರಗಿದರೆ ಕಂದು.
ಯಾವುದು ನಿನ್ನ ನಿಜವಾದ ಬಣ್ಣ ಎಂದು
ಅದನ್ನು ಹಿಡಿದು ನಿಲ್ಲಿಸಿ ಕೇಳಿದವರಿಲ್ಲ.
ಕೇಳಿದರೆ ಕಚ್ಚುತ್ತದೆ.

ಈ ಫೆಬ್ರವರಿ, ಆಸ್ಪತ್ರೆಯ ಆರನೇ ಮಹಡಿ.
ನರ್ಸು ಫಾರಂ ತುಂಬುತ್ತಿದ್ದರು. ಜೊತೆಗಿರುವವರು?
ಮೊಮ್ಮಗನೋ, ಮೊಮ್ಮಗಳೋ?
ಆಮ್ಲಜನಕದ ಕೊಳವೆ ಸರಿಸಿ ಕೊಕುಮ್
ಕೋಣೆಗೆಲ್ಲ ಕೇಳುವಂತೆ ಹೇಳಿದಳು:
ಅವನು ನನ್ನ ಮೊಮ್ಮಗಳು. ರಾತ್ರಿಯಿಡೀ ಕೂತಿದ್ದಾನೆ, ಏನೂ ತಿಂದಿಲ್ಲ ಅವಳು.

ತಿದ್ದಲೆಂದು ನರ್ಸು ನನ್ನತ್ತ ನೋಡಿದರು.
ನಾನು ಅವಳ ತಣ್ಣನೆ ಕೈಗಳಿಗೆ
ಕೈಗವಸು ತೊಡಿಸುತ್ತಿದ್ದೆ,
ಒಂದು ಕೆಂಪು, ಒಂದು ಕಂದು,
ಓಡಿಹೋಗದೆ ಉಳಿದವು.